ನಾಲ್ಕು ಜನ, ನಾಲ್ಕು ದಿನ, 25 ಸಾವಿರ ರೂಪಾಯಿ: ಮುಂಬೈ ನೋಡಲು ಸಾಕಾಗುತ್ತದೆಯೇ?

ರಾಣೆಬೆನ್ನೂರು ಟೀಚರ್

ದಸರಾ ರಜೆಯಲ್ಲಿ ಅವ್ವನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮುಂಬೈಗೆ ಹೋಗಿ ಬರಬೇಕೆಂದು ಮನಸ್ಸು ಮಾಡಿದ್ದೇನೆ. ಅವ್ವನಿಗೆ 67 ವರ್ಷ. ಮಂಡಿನೋವಿದೆ, ಆದರೂ ನಿಧಾನವಾಗಿ ನಡೆಯುತ್ತಾಳೆ. ಮಗಳಿಗೆ 13, ಮಗನಿಗೆ 8. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಯಜಮಾನರಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ವರ್ಷವಿಡೀ ಚೀಟಿ ಕಟ್ಟಿ ಕೂಡಿಸಿದ 25 ಸಾವಿರ ರೂಪಾಯಿ ಕೈಯಲ್ಲಿದೆ. ಅದಕ್ಕಿಂತ ಹೆಚ್ಚು ಹೊಂದಿಸಲಾರೆ.

ಏಜೆಂಟರೊಬ್ಬರು ಒಂದು ಪ್ಯಾಕೇಜ್ ತೋರಿಸಿದ್ದಾರೆ. ಮೂರು ರಾತ್ರಿ, ನಾಲ್ಕು ಹಗಲು, 24 ಸ್ಥಳ, ಬಸ್ಸಿನಲ್ಲೇ ಹೋಗಿ ಬರುವುದು. ದೊಡ್ಡವರಿಗೆ ತಲೆಗೆ 8,999, ಮಗನಿಗೆ 6,999. ಮಗಳನ್ನು ದೊಡ್ಡವರ ಲೆಕ್ಕಕ್ಕೇ ಹಿಡಿದಿದ್ದಾರೆ. ಜಿಎಸ್‌ಟಿ ಬೇರೆ. ಈ ವಾರದೊಳಗೆ ಮುಂಗಡ ಕೊಟ್ಟರೆ ತಲೆಗೆ 1,000 ರೂಪಾಯಿ ಕಡಿಮೆ ಮಾಡುತ್ತಾರಂತೆ. ಕೂಡಿಸಿ ಕಳೆದು ನೋಡಿದರೆ 31 ಸಾವಿರ ದಾಟುತ್ತದೆ. ಮಧ್ಯಾಹ್ನದ ಊಟ ಅದರಲ್ಲಿ ಸೇರಿಲ್ಲ.

ಅವ್ವ ಈವರೆಗೆ ಸಮುದ್ರ ನೋಡಿಲ್ಲ. ಅದು ಅವಳ ಮೊದಲ ಆಸೆ. ಎರಡನೆಯದು ‘ಬೋರಿಬಂದರ್’. ನಮ್ಮ ಅಪ್ಪ ಮದುವೆಗೆ ಮುಂಚೆ ಎರಡು ವರ್ಷ ಮುಂಬೈಯ ಬಟ್ಟೆ ಗಿರಣಿಯಲ್ಲಿ ದುಡಿದಿದ್ದರು. ಬೋರಿಬಂದರಿನಲ್ಲಿ ಇಳಿದ ದಿನದ ಕತೆಯನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಅವ್ವನಿಗೆ ಅದು ಬಾಯಿಪಾಠ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಏಜೆಂಟರ ಪಟ್ಟಿಯ 24 ಸ್ಥಳಗಳಲ್ಲಿ ಆ ಹೆಸರಿಲ್ಲ. ಕೇಳಿದರೆ, ಅಂಥ ಸ್ಥಳವೇ ಇಲ್ಲ ಎಂದರು.

ಪ್ಯಾಕೇಜ್ ತೆಗೆದುಕೊಳ್ಳಲೇ? ನಾವೇ ಹೋದರೆ ಈ ಹಣದಲ್ಲಿ ಆಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಜಯನಗರದ ಲೆಕ್ಕಿಗ

ಮೇಡಂ, ಮೊದಲು ಆ ‘ಈ ವಾರದೊಳಗೆ’ ಎಂಬ ಮಾತನ್ನು ಪಕ್ಕಕ್ಕಿಡಿ. ಅವಸರಪಡಿಸಿ ಕೊಡುವ ರಿಯಾಯಿತಿ ಸಾಮಾನ್ಯವಾಗಿ ಮುಂದಿನ ವಾರವೂ ಇರುತ್ತದೆ.

ವಿಮಾನದ ಬಗ್ಗೆ ನೀವು ಕೇಳಿಲ್ಲ. ಆದರೂ ಹುಬ್ಬಳ್ಳಿಯಿಂದ ಅಗ್ಗದ ಟಿಕೆಟ್ ಸಿಗುತ್ತದೆ ಎಂದು ಯಾರಾದರೂ ಆಸೆ ತೋರಿಸುತ್ತಾರೆ, ಅದಕ್ಕೇ ಹೇಳುತ್ತೇನೆ. ಪರದೆಯ ಮೇಲೆ ದೊಡ್ಡದಾಗಿ ಕಾಣುವ ದರ ಕೊನೆಯ ದರವಲ್ಲ. ಒಟ್ಟಿಗೆ ಕೂರಲು ಆಸನ ಆರಿಸಿದರೆ ಅದಕ್ಕೆ ಹಣ, ಬುಕಿಂಗ್ ಶುಲ್ಕ ಬೇರೆ, ಚೀಲದ ತೂಕ ಮಿತಿ ಮೀರಿದರೆ ಅದಕ್ಕೂ ಹಣ. ರಜೆಯ ದಿನಗಳಲ್ಲಿ ನಾಲ್ಕು ಜನರ ಹೋಗಿ ಬರುವ ಖರ್ಚು ನಿಮ್ಮ 25 ಸಾವಿರವನ್ನು ಬಹುತೇಕ ನುಂಗಿಬಿಡುತ್ತದೆ. ಒಬ್ಬರೇ ಹಗುರವಾದ ಚೀಲ ಹಿಡಿದು ಮಂಗಳವಾರವೋ ಬುಧವಾರವೋ ಹೋಗುವವರಿಗೆ ಲಾಭವಾಗಬಹುದು.

ನಿಮಗೆ ರೈಲೇ ಸರಿ. ಈಗ 60 ದಿನ ಮುಂಚೆ ಮುಂಗಡ ಬುಕಿಂಗ್ ತೆರೆಯುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತು ಹಾಕಿಕೊಂಡು ಬೆಳಿಗ್ಗೆ 8 ಗಂಟೆಗೆ ಕುಳಿತುಬಿಡಿ. ದಸರಾ ಹೊತ್ತಿನಲ್ಲಿ ತತ್ಕಾಲ್ ನಂಬಿಕೊಂಡರೆ ಹಣವೂ ಹೆಚ್ಚು, ಸಿಗುವ ಖಾತ್ರಿಯೂ ಇಲ್ಲ. ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದ್ದಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಗನಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ ಕೊಡಬೇಕು. ಬೇಡವೆಂದರೆ ಅರ್ಧ ದರ, ಆದರೆ ಇಡೀ ರಾತ್ರಿ ನಿಮ್ಮ ಬರ್ತಿನಲ್ಲೇ ಅವನನ್ನೂ ಮಲಗಿಸಬೇಕು. ಎಂಟು ವರ್ಷದ ಹುಡುಗ, ಬರ್ತ್ ತೆಗೆದುಕೊಳ್ಳಿ.

ಮಾಟುಂಗಾ ಹಳಬ

ಟೀಚರೇ, ಬೋರಿಬಂದರ್ ಇದೆ. ನಿಮ್ಮ ಏಜೆಂಟರ ಪಟ್ಟಿಯಲ್ಲೇ ಬೇರೆ ಹೆಸರಿನಲ್ಲಿ ಇರಲೂಬಹುದು. ಈಗ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಅಂದರೆ ಸಿಎಸ್‌ಎಂಟಿ ಎನ್ನುವ ನಿಲ್ದಾಣ ನಿಂತಿರುವುದು ಬೋರಿಬಂದರಿನಲ್ಲೇ. 1853ರ ಏಪ್ರಿಲ್ 16ರಂದು ಈ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟದ್ದು ಅಲ್ಲಿಂದ, 34 ಕಿಲೋಮೀಟರ್. ಈಗಿನ ಕಟ್ಟಡದ ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡಿಯಿತು. ಹೆಸರು ವಿಕ್ಟೋರಿಯಾ ಟರ್ಮಿನಸ್ ಆಯಿತು, 1996ರಲ್ಲಿ ಮತ್ತೆ ಬದಲಾಯಿತು. ನಮ್ಮ ಕಾಲದವರ ಬಾಯಲ್ಲಿ ಅದು ಇಂದಿಗೂ ವಿಟಿ, ನಮಗಿಂತ ಹಿರಿಯರಿಗೆ ಬೋರಿಬಂದರ್. ನಿಮ್ಮ ತಂದೆಯವರು ಬಂದ ಕಾಲಕ್ಕೆ ನಿಮ್ಮ ಕಡೆಯ ಹಳಿ ಅಗಲ ಕಡಿಮೆಯ ಮೀಟರ್‌ಗೇಜ್. ಮೀರಜಿನಲ್ಲಿ ಇಳಿದು ಅಗಲ ಹಳಿಯ ದೊಡ್ಡ ಗಾಡಿ ಹತ್ತಿ ಬಂದಿರಬೇಕು. ತಾಯಿಯವರನ್ನು ಒಮ್ಮೆ ಕೇಳಿ ನೋಡಿ.

ನಾನು ಕುಂದಾಪುರ ಕಡೆಯವನು. 1984ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದೆ. ಹಗಲು ದಕ್ಷಿಣ ಮುಂಬೈಯ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಿದ್ದೆ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಿದ್ದೆ. ಮೊದಲ ಐದು ವರ್ಷ ಭಾನುವಾರಗಳಂದು ಈ ಊರನ್ನು ಕಾಲಿನಲ್ಲೇ ಸುತ್ತಿದ್ದೇನೆ. ಆದ್ದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಮುಂಬೈಯಲ್ಲಿ ನೋಡುವುದಕ್ಕೆ ಹಣ ಬೇಡ, ಉಳಿದುಕೊಳ್ಳುವುದಕ್ಕೆ ಬೇಕು. ನಿಮ್ಮ 25 ಸಾವಿರದ ಅರ್ಧ ಭಾಗವನ್ನು ಕೋಣೆಗೆ ಇಟ್ಟುಬಿಡಿ. ಜನ ಇದನ್ನೇ ತಿರುವುಮುರುವು ಮಾಡುತ್ತಾರೆ. ವಿರಾರ್ ಆಚೆಯೋ ಪನ್ವೇಲ್ ಹತ್ತಿರವೋ ಅಗ್ಗದ ಲಾಡ್ಜ್ ಹಿಡಿದು ದಿನಕ್ಕೆ ನಾಲ್ಕು ಗಂಟೆ ರೈಲಿನಲ್ಲೇ ಕಳೆಯುತ್ತಾರೆ. ಮಂಡಿನೋವಿನ ತಾಯಿಯೊಂದಿಗೆ ಅದು ಬೇಡವೇ ಬೇಡ. ದಾದರ್, ಮಾಟುಂಗಾ, ಇಲ್ಲವೇ ಫೋರ್ಟ್, ಈ ಮೂರರಲ್ಲಿ ಒಂದು ಕಡೆ ನಾಲ್ವರಿಗೆ ಒಂದು ದೊಡ್ಡ ಕೋಣೆ ಹುಡುಕಿ. ದಿನಕ್ಕೆ ಮೂರೂವರೆ ಸಾವಿರದೊಳಗೆ ಸರಳವಾದ, ಶುಚಿಯಾದ ಕೋಣೆ ಸಿಗಬೇಕು. ಮೊಬೈಲಿನಲ್ಲಿ ದರ ನೋಡಿದ ಮೇಲೆ ನೇರವಾಗಿ ಲಾಡ್ಜಿಗೇ ಫೋನ್ ಮಾಡಿ. ಮೂರು ರಾತ್ರಿ ಇರುತ್ತೇವೆ ಎಂದರೆ ಎಷ್ಟೋ ಕಡೆ ಇಳಿಸುತ್ತಾರೆ. ಲಿಫ್ಟ್ ಇದೆಯೇ ಎಂದು ಮರೆಯದೆ ಕೇಳಿ. ಇಲ್ಲಿಯ ಹಳೆಯ ಕಟ್ಟಡಗಳ ಮೆಟ್ಟಿಲು ಕಡಿದಾಗಿರುತ್ತವೆ.

ಬರುವುದಕ್ಕೆ ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ ಅನುಕೂಲ. ಮಧ್ಯಾಹ್ನ ಹೊರಟು ಮರುದಿನ ನಸುಕಿನಲ್ಲಿ ದಾದರಿಗೆ ಬಿಡುತ್ತದೆ. ಸ್ಲೀಪರ್ ದರ ತಲೆಗೆ ನಾನೂರು ರೂಪಾಯಿಯ ಆಸುಪಾಸು. ಬೆಂಗಳೂರು ಕಡೆಯಿಂದ ನಿಮ್ಮ ಮಾರ್ಗವಾಗಿ ಬರುವ ಚಾಲುಕ್ಯ, ಶರಾವತಿ ಗಾಡಿಗಳೂ ಇವೆ, ಅವು ಎಲ್ಲ ದಿನ ಇರುವುದಿಲ್ಲ.

ಊರೊಳಗಿನ ಓಡಾಟಕ್ಕೆ ಲೋಕಲ್ ರೈಲು. ಎರಡನೇ ದರ್ಜೆಯ ಕನಿಷ್ಠ ಟಿಕೆಟ್ ಇಂದಿಗೂ 5 ರೂಪಾಯಿ. ಒಂದು, ಮೂರು, ಐದು ದಿನಗಳ ಟೂರಿಸ್ಟ್ ಟಿಕೆಟ್ ಕೊಡುತ್ತಾರೆ, ಅದು ನಿಮಗೆ ಬೇಡ. ದಿನಕ್ಕೆ ಎರಡೇ ಸಲ ಹತ್ತುವವರಿಗೆ ಬಿಡಿ ಟಿಕೆಟ್ಟೇ ಅಗ್ಗ. ಬೆಳಿಗ್ಗೆ 8ರಿಂದ 11ರವರೆಗೆ ದಕ್ಷಿಣಕ್ಕೆ ಹೋಗುವ ಗಾಡಿಯನ್ನೂ, ಸಂಜೆ 5ರಿಂದ 9ರವರೆಗೆ ಉತ್ತರಕ್ಕೆ ಹೋಗುವ ಗಾಡಿಯನ್ನೂ ಹತ್ತಬೇಡಿ. ನೀವು ಮೂವರೂ ಹೆಂಗಸರು, ಮಹಿಳೆಯರ ಡಬ್ಬಿ ನೋಡಿ ಹತ್ತಿ. ಮೊದಲ ದರ್ಜೆಯ ಡಬ್ಬಿ ಬೇರೆ ಇರುತ್ತದೆ. ಗೊತ್ತಿಲ್ಲದೆ ಹತ್ತಿದರೂ ದಂಡ ತಪ್ಪದು. ತಾಯಿಯವರಿಗೆ ದಣಿವಾದ ದಿನ ಎಸಿ ಲೋಕಲ್ ಹಿಡಿಯಿರಿ. ಅದಕ್ಕೆ ಬೇರೆಯೇ ಟಿಕೆಟ್, ಕನಿಷ್ಠ ದರ 35 ರೂಪಾಯಿ. ಬಾಂದ್ರಾ, ಸಯನ್‌ನಿಂದ ದಕ್ಷಿಣಕ್ಕೆ ಆಟೋಗಳಿಗೆ ಪ್ರವೇಶವಿಲ್ಲ. ಕಪ್ಪು-ಹಳದಿ ಟ್ಯಾಕ್ಸಿಯೇ ಗತಿ. ಮೀಟರ್ ಹಾಕಿಸಿದರೆ ನಾಲ್ವರಿಗೆ ಅದು ದುಬಾರಿಯೇನಲ್ಲ.

ಈಗ ನೋಡುವ ವಿಷಯ. ಒಂದು ದಿನಕ್ಕೆ ಒಂದೇ ಕೇರಿ. ಮೊದಲ ದಿನ ಬೋರಿಬಂದರ್.

ಹನ್ನೊಂದು ಗಂಟೆಯ ನಂತರ ಲೋಕಲಿನಲ್ಲಿ ಸಿಎಸ್‌ಎಂಟಿಗೆ ಬನ್ನಿ. ಇಳಿದ ಕೂಡಲೇ ಹೊರಗೆ ಓಡಬೇಡಿ. ಲೋಕಲ್ ಟಿಕೆಟ್ ಕೊಡುವ ದೊಡ್ಡ ಹಜಾರಕ್ಕೆ ಹೋಗಿ, ಗೋಡೆಯ ಪಕ್ಕ ಸರಿದು ನಿಂತು ತಲೆ ಎತ್ತಿ ನೋಡಿ. ಕಮಾನುಗಳ ಮೇಲಿನ ಚಾವಣಿಯ ತುಂಬ ಚಿನ್ನದ ಬಣ್ಣದ ನಕ್ಷತ್ರಗಳು. ಅದಕ್ಕೆ ಸ್ಟಾರ್ ಚೇಂಬರ್ ಎಂದೇ ಹೆಸರು. ಕೆಳಗೆ ಸಾಲಿನಲ್ಲಿ ನಿಂತವರೆಲ್ಲ ಮುಂದಿನವನ ಬೆನ್ನು ನೋಡುತ್ತಿರುತ್ತಾರೆ. ನಾನೂ ಎರಡು ವರ್ಷ ಹಾಗೇ ನಿಂತಿದ್ದೆ. ಒಂದು ದಿನ ಜ್ವರದಲ್ಲಿ ತಲೆ ಹಿಂದಕ್ಕೆ ಒರಗಿಸಿದಾಗ ಆ ನಕ್ಷತ್ರಗಳು ಕಂಡವು. ಆಗ ಐದು ಪೈಸೆ ಖರ್ಚಿಲ್ಲದೆ ಈ ಊರು ನನಗೆ ಏನೋ ಕೊಟ್ಟಿತು ಎನಿಸಿತು. ಆ ಭಾವನೆ ಇವತ್ತಿಗೂ ಹೋಗಿಲ್ಲ. ನಿಮ್ಮ ತಾಯಿಯವರಿಗೆ ಅದನ್ನು ತಪ್ಪದೆ ತೋರಿಸಿ. ಹೊರಗೆ ಬಂದರೆ ದ್ವಾರದ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಬ್ರಿಟನ್, ಹುಲಿ ನಾವು. ಗೋಡೆಗಳಲ್ಲಿ ನವಿಲು, ಮಂಗ, ಎಲೆಬಳ್ಳಿ ಏನೆಲ್ಲ ಕೆತ್ತಿದ್ದಾರೆಂದು ಮಕ್ಕಳಿಗೆ ಎಣಿಸಲು ಹೇಳಿ.

ಅಲ್ಲಿಂದ ಫ್ಲೋರಾ ಫೌಂಟನ್ ಮೂಲಕ ಓವಲ್ ಮೈದಾನ. ತಾಯಿಯವರಿಗೆ ನಡೆಯಲಾಗದಿದ್ದರೆ ಟ್ಯಾಕ್ಸಿ ಹಿಡಿಯಿರಿ. ಮೈದಾನದ ನಡುವೆ ನಿಂತರೆ ಒಂದು ಬದಿಗೆ ಹೈಕೋರ್ಟ್, ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಚೂಪು ಕಮಾನಿನ ಕಲ್ಲುಕಟ್ಟಡ. ಎದುರು ಬದಿಗೆ ಅದಕ್ಕಿಂತ ಐವತ್ತು ಅರವತ್ತು ವರ್ಷ ಎಳೆಯದಾದ, ದುಂಡು ಮೂಲೆಯ ವಾಸದ ಮನೆಗಳ ಸಾಲು. ಎರಡೂ ಸೇರಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಹೋದವು. ನಡುವೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಬಿಸಿಲು ಇಳಿದ ಮೇಲೆ ಮರೀನ್ ಡ್ರೈವಿನ ಕಟ್ಟೆಗೆ ಹೋಗಿ ಕೂತುಬಿಡಿ. ತಾಯಿಯವರು ಮೊದಲು ನೋಡುವ ಸಮುದ್ರ ಅದಾಗಲಿ. ಅಲ್ಲಿ ಯಾರೂ ಎಬ್ಬಿಸುವುದಿಲ್ಲ.

ಎರಡನೇ ದಿನ ಎಲಿಫೆಂಟಾ ದ್ವೀಪದ ಗುಹೆ. ಸೋಮವಾರ ಬಿಡುವು, ಅದು ಆ ದಿನ ಬೀಳದ ಹಾಗೆ ನೋಡಿಕೊಳ್ಳಿ. ಗೇಟ್‌ವೇ ಆಫ್ ಇಂಡಿಯಾ ಬಳಿಯಿಂದ ಬೆಳಿಗ್ಗೆ 9ರಿಂದ ದೋಣಿ, ಒಂದು ಗಂಟೆಯ ದಾರಿ, ಹೋಗಿ ಬರಲು ತಲೆಗೆ 250–300 ರೂಪಾಯಿ. ಕೊಟ್ಟ ಲೈಫ್ ಜಾಕೆಟ್ ಹಾಕಿಕೊಳ್ಳಿ, ಸೆಕೆ ಎಂದು ಬಿಚ್ಚಿಡಬೇಡಿ. ದ್ವೀಪದಲ್ಲಿ ಜೆಟ್ಟಿಯಿಂದ ಪುಟ್ಟ ರೈಲಿದೆ. ಆಮೇಲೆ ಸುಮಾರು 120 ಮೆಟ್ಟಿಲು. ತಾಯಿಯವರಿಗೆ ಡೋಲಿ ಸಿಗುತ್ತದೆ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಗುಹೆಗೆ ದೊಡ್ಡವರಿಗೆ 40 ರೂಪಾಯಿ, ಹದಿನೈದರೊಳಗಿನ ಮಕ್ಕಳಿಗೆ ಉಚಿತ.

ನಿಮ್ಮ ಮಕ್ಕಳು ಐಹೊಳೆ, ಬಾದಾಮಿ ನೋಡಿದ್ದಾರೆಯೇ? ನೋಡಿದ್ದರೆ ಈ ಗುಹೆ ಅವರಿಗೆ ಪರಕೀಯ ಎನಿಸದು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ, ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿ ಪಡುಗಡಲಿನ ಲಕ್ಷ್ಮಿಯಂತಿದ್ದ ‘ಪುರಿ’ಯನ್ನು ಹಡಗುಗಳಿಂದ ಮುತ್ತಿದನೆಂದು ಅದು ಹೇಳುತ್ತದೆ. ಆ ಪುರಿ ಈ ದ್ವೀಪವೇ, ಅಂದರೆ ಘಾರಾಪುರಿಯೇ, ಎನ್ನುವ ವಿದ್ವಾಂಸರಿದ್ದಾರೆ. ಇದನ್ನು ಮಕ್ಕಳಿಗೆ ದೋಣಿಯಲ್ಲೇ ಹೇಳಿಬಿಡಿ, ದ್ವೀಪ ಹತ್ತಿರವಾಗುತ್ತಿದ್ದಂತೆ ಅವರ ಕಣ್ಣು ಬೇರೆಯಾಗುತ್ತದೆ. ಒಳಗೆ ಹೋದ ಕೂಡಲೇ ಕತ್ತಲೆ ಎನಿಸುತ್ತದೆ. ಐದು ನಿಮಿಷ ಸುಮ್ಮನೆ ನಿಲ್ಲಿ. ಹಿಂದಿನ ಗೋಡೆಯಿಂದ ಶಿವನ ಮೂರು ಮುಖ ಒಂದೊಂದಾಗಿ ಮೂಡುತ್ತವೆ. ನಮ್ಮ ಎಡಕ್ಕೆ ಮೀಸೆಯ ಉಗ್ರ ಮುಖ, ಬಲಕ್ಕೆ ತಾವರೆ ಹಿಡಿದ ಹೆಣ್ಣಿನಂಥ ಮೃದು ಮುಖ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಅವಸರದ ಗುಂಪುಗಳು ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಫೋಟೊ ತೆಗೆದು ಹೊರಟುಬಿಡುತ್ತವೆ. ಅದನ್ನು ಕಂಡಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮೂರನೇ ದಿನ ಬೈಕುಲಾದ ರಾಣಿಬಾಗ್ ಮೃಗಾಲಯ. ಬುಧವಾರ ಬಿಡುವು. ಮಕ್ಕಳಿಗೆ ಪೆಂಗ್ವಿನ್ ಇವೆ. ಆದರೆ ಅಲ್ಲಿ ಇನ್ನೊಂದಿದೆ: ಎಲಿಫೆಂಟಾಕ್ಕೆ ಆ ಹೆಸರು ತಂದ ಕಲ್ಲಿನ ಆನೆ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಒಡೆಯಿತು. ಚೂರುಗಳನ್ನು ಮುಂದೆ ಇದೇ ತೋಟದಲ್ಲಿ ಕೂಡಿಸಿ ನಿಲ್ಲಿಸಿದರು. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ನಿಂತಿದೆ. ಹಿಂದಿನ ದಿನ ದ್ವೀಪ ನೋಡಿ ಬಂದ ಮಕ್ಕಳು ಆ ಬೆಸುಗೆಯ ಗೆರೆಗಳನ್ನು ಮುಟ್ಟುವಷ್ಟು ಹತ್ತಿರದಿಂದ ನೋಡಲಿ. ಮಧ್ಯಾಹ್ನದ ಮೇಲೆ ಗಾಂಧೀಜಿ 1917ರಿಂದ 1934ರವರೆಗೆ ಮುಂಬೈಗೆ ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದ ಮಣಿಭವನ. ಅವರ ಬದುಕನ್ನು ಪುಟ್ಟ ಬೊಂಬೆಗಳಲ್ಲಿ ಜೋಡಿಸಿಟ್ಟಿದ್ದಾರೆ. ಟೀಚರಾದ ನಿಮಗೂ ಅದು ಹಿಡಿಸುತ್ತದೆ.

ನಾಲ್ಕನೇ ದಿನ ಏನೂ ಇಟ್ಟುಕೊಳ್ಳಬೇಡಿ. ಮಾಟುಂಗಾದಲ್ಲೇ ಅಡ್ಡಾಡಿ. 1926ರಲ್ಲಿ ಹುಟ್ಟಿದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇಲ್ಲಿದೆ, ಹೂಕಟ್ಟುವವರ ಸಾಲಿದೆ, ಸ್ಟೇಷನ್ ಎದುರಿಗೇ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆಎಲೆಯ ಊಟ, ಸೋಮವಾರ ರಜೆ. ಮೂರು ದಿನ ಹೊರಗಡೆ ಉಂಡು ಬೇಸತ್ತ ತಾಯಿಯವರಿಗೆ ಅಲ್ಲಿಯ ಸಾರು ಸಮಾಧಾನ ಕೊಡುತ್ತದೆ.

ನನ್ನ ಲೆಕ್ಕ ಹೀಗಿದೆ: ರೈಲು ಮೂರೂಕಾಲು ಸಾವಿರ, ಕೋಣೆ ಹತ್ತೂವರೆ, ಊಟ ತಿಂಡಿ ಐದು, ಓಡಾಟ, ದೋಣಿ, ಡೋಲಿ, ಟಿಕೆಟ್ ಎಲ್ಲ ಸೇರಿ ನಾಲ್ಕು. 23 ಸಾವಿರದೊಳಗೆ ಬಂತು. ಉಳಿದದ್ದನ್ನು ಮುಟ್ಟದೆ ಇಟ್ಟುಕೊಳ್ಳಿ.

ಕಲಬುರಗಿ ಸವಿತಕ್ಕ

ಅಕ್ಕೋರೆ, ಹಳಬರು ಹೇಳಿದ್ದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ಎರಡು ವರ್ಷದ ಹಿಂದೆ ಅತ್ತೆಯನ್ನು ಕರೆದುಕೊಂಡು ಇಂಥದೇ ಪ್ಯಾಕೇಜಿನಲ್ಲಿ ಹೋಗಿದ್ದೆವು. 20ಕ್ಕೂ ಹೆಚ್ಚು ಸ್ಥಳ ಎಂದಿದ್ದರು. ಅದರಲ್ಲಿ ಒಂಬತ್ತನ್ನು ಬಸ್ಸಿನ ಕಿಟಕಿಯಿಂದ ತೋರಿಸಿದರು. ಗೇಟ್‌ವೇಯಲ್ಲಿ ಹದಿನೈದು ನಿಮಿಷ, ಒಂದು ಉಡುಗೊರೆ ಅಂಗಡಿಯಲ್ಲಿ ಒಂದು ಗಂಟೆ. ಅತ್ತೆ ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರು. ವಯಸ್ಸಾದ ಜೀವ ಓಡೋಡಿ ಬಂದು ಹತ್ತಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ‘ಮುಂಬೈ ಹೋಟೆಲ್’ ಎಂದು ಬರೆದಿದ್ದ ಹೋಟೆಲ್ ಊರಿನಿಂದ ಎರಡು ಗಂಟೆ ದೂರದಲ್ಲಿತ್ತು.

ಯಾವ ಪ್ಯಾಕೇಜ್ ತೆಗೆದುಕೊಂಡರೂ ಮೂರು ವಿಷಯವನ್ನು ಬರೆಸಿಕೊಳ್ಳಿ: ಹೋಟೆಲಿನ ಪೂರ್ತಿ ವಿಳಾಸ, ಯಾವ ಸ್ಥಳದಲ್ಲಿ ಇಳಿಸಿ ಎಷ್ಟು ಹೊತ್ತು ಬಿಡುತ್ತಾರೆ ಎಂಬುದು, ಬೇಡವೆಂದರೆ ಮುಂಗಡದಲ್ಲಿ ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದು. ಬರೆದುಕೊಡಲು ಹಿಂಜರಿದರೆ ಎದ್ದು ಬನ್ನಿ.

ಇನ್ನೊಂದು, ಭಾನುವಾರ ಲೋಕಲ್ ಖಾಲಿ ಇರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಹಳಿ ರಿಪೇರಿಗೆ ಅಂದು ಮೆಗಾ ಬ್ಲಾಕ್ ಇಡುತ್ತಾರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಎಷ್ಟೋ ಗಾಡಿ ಇರುವುದಿಲ್ಲ. ಹಿಂದಿನ ದಿನವೇ ಯಾವ ಮಾರ್ಗ ಎಂದು ತಿಳಿಸುತ್ತಾರೆ, ನೋಡಿಕೊಳ್ಳಿ.

ರಾಣೆಬೆನ್ನೂರು ಟೀಚರ್

ಎಲ್ಲರಿಗೂ ಕೈಮುಗಿಯುತ್ತೇನೆ. ಏಜೆಂಟರಿಗೆ ಬೇಡವೆಂದು ಹೇಳಿ ಬಂದೆ. ರಾತ್ರಿ ಊಟದ ನಂತರ ಇದೆಲ್ಲವನ್ನೂ ಅವ್ವನಿಗೆ ಓದಿದೆ. ಮೀರಜ್ ಹೆಸರು ಬಂದ ಕೂಡಲೇ ಅವ್ವ ಎದ್ದು ಕೂತಳು. ಅಪ್ಪ ಮೀರಜಿನಲ್ಲಿ ಗಾಡಿ ಬದಲಿಸುವಾಗ ಬುತ್ತಿಯ ಗಂಟನ್ನು ಅಲ್ಲೇ ಮರೆತು, ಬೋರಿಬಂದರಿನವರೆಗೆ ಉಪವಾಸ ಹೋಗಿದ್ದರಂತೆ. ಈ ಕತೆಯನ್ನು ನಾನು ಮೊದಲ ಬಾರಿಗೆ ಕೇಳಿದೆ. ಈ ಸಲ ರೊಟ್ಟಿ ಬುತ್ತಿಯನ್ನು ತಾನೇ ಹಿಡಿದುಕೊಳ್ಳುತ್ತಾಳಂತೆ.

ಹಳಬರೇ, ಒಂದೇ ಪ್ರಶ್ನೆ ಉಳಿದಿದೆ. ನಸುಕಿನಲ್ಲಿ ದಾದರಿಗೆ ಇಳಿದರೆ ಲಾಡ್ಜಿನವರು ಕೋಣೆ ಕೊಡುವವರೆಗೆ ನಾವು ಎಲ್ಲಿರಬೇಕು?

ಮಾಟುಂಗಾ ಹಳಬ

ಬುಕ್ ಮಾಡುವಾಗಲೇ ಲಾಡ್ಜಿನವರಿಗೆ ಹೇಳಿಡಿ. ಕೋಣೆ ಖಾಲಿಯಿದ್ದರೆ ಬೇಗ ಕೊಡುತ್ತಾರೆ, ಇಲ್ಲದಿದ್ದರೂ ಚೀಲಗಳನ್ನು ಇಟ್ಟುಕೊಳ್ಳುತ್ತಾರೆ, ಕೈಕಾಲು ಮುಖ ತೊಳೆಯಲು ಬಿಡುತ್ತಾರೆ. ಬೆಳಕು ಹರಿಯುವವರೆಗೆ ನಿಲ್ದಾಣದ ನಿರೀಕ್ಷಣಾ ಕೋಣೆಯಲ್ಲೇ ಕೂತಿರಿ. ಟಿಕೆಟನ್ನು ಕೈಯಲ್ಲೇ ಇಟ್ಟುಕೊಳ್ಳಿ, ಅಲ್ಲಿ ಕೇಳುತ್ತಾರೆ. ಮಕ್ಕಳಿಗೆ ನಿದ್ದೆ ಬರದಿದ್ದರೆ ದಾದರ್ ಪಶ್ಚಿಮಕ್ಕೆ ದಾಟಿ ಹೂವಿನ ಮಾರುಕಟ್ಟೆ ನೋಡಿ. ಆ ಹೊತ್ತಿಗೆ ಅದು ತುಂಬಿ ತುಳುಕುತ್ತಿರುತ್ತದೆ, ದಸರಾ ಹೊತ್ತಿನಲ್ಲಂತೂ ಚೆಂಡುಹೂವಿನ ರಾಶಿ ಆಳೆತ್ತರ ಇರುತ್ತದೆ. ತಾಯಿಯವರಿಗೆ ಒಂದು ಮೊಳ ಹೂವು ಕೊಡಿಸಿ.

ಮೊದಲ ದಿನ ಟಿಕೆಟ್ ಕಿಟಕಿಯಲ್ಲಿ ಸಿಎಸ್‌ಎಂಟಿ ಎಂದೇ ಹೇಳಿ. ಟ್ಯಾಕ್ಸಿಯಲ್ಲಿ ಹೋಗುವುದಾದರೆ ಮಾತ್ರ ತಾಯಿಯವರೇ ಬೋರಿಬಂದರ್ ಎನ್ನಲಿ. ಚಾಲಕ ಸ್ವಲ್ಪ ವಯಸ್ಸಾದವನಾಗಿದ್ದರೆ ಮರುಮಾತಾಡದೆ ಮೀಟರ್ ತಿರುಗಿಸುತ್ತಾನೆ.